ಟ್ಯಾಂಕಿನ ಮೇಲೆ ಗರಿಬೆಂಡು

ಪುರಸಭೆಯಲ್ಲಿ ನಡಾವಳಿ ಬರೆಯುವ ಗುಮಾಸ್ತ ನಾನು. ಸಭೆಯಲ್ಲಿ ಯಾರು ಏನು ಹೇಳಿದರೋ ಅದನ್ನು ಬರೆಯುವುದೇ ನಡಾವಳಿ ಎಂದು ಹೊರಗಿನವರು ತಿಳಿದಿದ್ದಾರೆ. ಅದು ತಪ್ಪು. ಯಾರು ಏನು ಹೇಳಿದ್ದರೆ ಚೆನ್ನಾಗಿರುತ್ತಿತ್ತೋ ಅದನ್ನು ಬರೆಯುವುದು ನಡಾವಳಿ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ ಮೇಲೆ, ಒಂದು ಸಂಗತಿಯನ್ನಾದರೂ ನಡೆದದ್ದು ನಡೆದ ಹಾಗೆ ಹೇಳಿಬಿಡಬೇಕೆಂಬ ಆಸೆ ಹುಟ್ಟಿದೆ. ನಮ್ಮೂರಿನ ಕುಡಿಯುವ ನೀರಿನ ಟ್ಯಾಂಕಿಗೆ ಮೀನು ಸೇರಿಕೊಂಡ ಸಂಗತಿ ಅದು. ನಾನೂ ಆ ನೀರನ್ನೇ ಕುಡಿಯುವವನಾದ್ದರಿಂದ ಪಕ್ಷಪಾತದ ಪ್ರಶ್ನೆ ಬರುವುದಿಲ್ಲ.

ಟ್ಯಾಂಕು ನೋಡಿಕೊಳ್ಳುವ ಮನುಷ್ಯನನ್ನು ಊರೆಲ್ಲ ಟ್ಯಾಂಕಪ್ಪ ಎನ್ನುತ್ತಿತ್ತು. ಹೆತ್ತವರು ಇಟ್ಟ ಹೆಸರೊಂದು ಹಾಜರಿ ಪಟ್ಟಿಯಲ್ಲಿತ್ತು; ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಎಂಟು ಕಂಬಗಳ ಮೇಲೆ ನಿಂತ ಆ ಟ್ಯಾಂಕಿನೊಳಗೆ ತಗಡಿನದೊಂದು ತೇಲುಗುಂಡು ಇದೆ. ಅದಕ್ಕೆ ಕಟ್ಟಿದ ಸರಪಳಿ ರಾಟೆಯ ಮೇಲಿಂದ ಹೊರಗೆ ಬಂದು, ಗೋಡೆಯ ಮೇಲೆ ಬರೆದ ಅಡಿ ಅಂಗುಲಗಳ ಪಕ್ಕದಲ್ಲಿ ಒಂದು ಕಬ್ಬಿಣದ ಮುಳ್ಳನ್ನು ಮೇಲೆ ಕೆಳಗೆ ಆಡಿಸುತ್ತದೆ. ನೀರು ಏರಿದರೆ ಮುಳ್ಳು ಇಳಿಯುತ್ತದೆ, ನೀರು ಇಳಿದರೆ ಮುಳ್ಳು ಏರುತ್ತದೆ. ದಿನಕ್ಕೆ ಮೂರು ಸಲ ಕತ್ತೆತ್ತಿ ಆ ಮುಳ್ಳನ್ನು ನೋಡಿ, ಅದು ತೋರಿಸಿದ್ದನ್ನು ಪುಸ್ತಕದಲ್ಲಿ ಬರೆಯುವುದು ಟ್ಯಾಂಕಪ್ಪನ ಕೆಲಸ.

ಹದಿನಾಲ್ಕು ವರ್ಷದಿಂದ ಅವನು ಹಂಗಾಮಿ. ಹನ್ನೊಂದು ತಿಂಗಳಿಗೊಮ್ಮೆ ಅವನನ್ನು ಕೆಲಸದಿಂದ ತೆಗೆದು, ಒಂದು ದಿನ ಬಿಟ್ಟು ಮತ್ತೆ ಸೇರಿಸಿಕೊಳ್ಳುವುದು ನಮ್ಮ ಕಚೇರಿಯ ಪದ್ಧತಿ. ಆ ಒಂದು ದಿನ ನೀರಿನ ಮಟ್ಟ ಎಷ್ಟಿತ್ತೆಂದು ದಾಖಲೆಯಲ್ಲಿ ಇರುವುದಿಲ್ಲ. ಟ್ಯಾಂಕಿನ ಬುಡದಲ್ಲಿದ್ದ ಎರಡು ಕೋಣೆಯ ವಸತಿಯೂ ಹಂಗಾಮಿಯೇ. ಆ ದಿನ ಅವನ ಹೆಂಡತಿ ಪಾತ್ರೆಪಗಡಗಳನ್ನೆಲ್ಲ ಅಂಗಳಕ್ಕೆ ತಂದಿಟ್ಟು, ಮರುದಿನ ಮತ್ತೆ ಒಳಗೆ ಜೋಡಿಸುತ್ತಿದ್ದಳು. ಕೊನೆಗೂ ಈ ಸಲ ಅವನನ್ನು ಖಾಯಂ ಮಾಡುವ ಆದೇಶ ತಯಾರಾಗಿತ್ತು. ಟೈಪ್ ಮಾಡಿದವನು ನಾನೇ. ಹೊಸ ಎಂಜಿನಿಯರ ಮೇಜಿನ ಮೇಲೆ ಅದು ಒಂದು ಸಹಿಗಾಗಿ ಆರು ವಾರದಿಂದ ಬಿದ್ದುಕೊಂಡಿತ್ತು.

ಈ ಎಂಜಿನಿಯರಿಗೆ ಭಾನುವಾರ ಬಂದರೆ ಕೆರೆಯ ದಂಡೆಯಲ್ಲಿ ಕೂತು ಗಾಳ ಹಾಕುವ ಹುಚ್ಚು. ಐದು ಭಾನುವಾರ ಕೂತರೂ ಒಂದು ಮೀನೂ ಸಿಕ್ಕಿರಲಿಲ್ಲ. ಗಾಳದ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ಬೆಂಡು ಇರುತ್ತದಲ್ಲ, ಕೆಳಗೆ ಮೀನು ಕಚ್ಚಿದಾಗ ಅದು ಅಲ್ಲಾಡಿ ತಿಳಿಸಬೇಕು. ಅವರ ಬೆಂಡು ತಿಳಿಸುತ್ತಿರಲಿಲ್ಲ. ಮೀನುಗಳು ಬಂದು, ಹಿಟ್ಟು ತಿಂದು, ಹೇಳದೆ ಕೇಳದೆ ಹೋಗಿಬಿಡುತ್ತಿದ್ದವು.

ಒಂದು ಸೋಮವಾರ ಟ್ಯಾಂಕಪ್ಪ ಆದೇಶದ ಗತಿ ವಿಚಾರಿಸಲು ಹೋದಾಗ, ಎಂಜಿನಿಯರು ಮೇಜಿನ ಮೇಲೆ ಹನ್ನೊಂದು ಬೆಂಡುಗಳನ್ನು ಸಾಲಾಗಿ ಮಲಗಿಸಿಕೊಂಡು ಕೂತಿದ್ದರು. ಕೆಲವು ಲಿಂಬೆಹಣ್ಣಿನಷ್ಟು ದಪ್ಪ, ಕೆಲವು ಬೆರಳಿನಷ್ಟು, ಒಂದಂತೂ ಹಕ್ಕಿಗರಿಯ ದಂಟಿನಿಂದ ಮಾಡಿದ ಬರೀ ಕಡ್ಡಿ, ತುದಿಗೆ ಕೆಂಪು ಬಣ್ಣ.

"ಏನ್ರೀ, ಇದರಲ್ಲಿ ಯಾವುದು ಹಾಕಿದ್ರೆ ಮೀನು ಕಚ್ಚಿದ್ದು ಸರಿಯಾಗಿ ಗೊತ್ತಾಗುತ್ತೆ?" ಎಂದು ಕೇಳಿದರು. ಅದು ಅವರು ತಮ್ಮನ್ನೇ ಕೇಳಿಕೊಂಡ ಪ್ರಶ್ನೆ. ಎದುರಿಗೆ ಟ್ಯಾಂಕಪ್ಪ ನಿಂತಿದ್ದದ್ದು ಆಕಸ್ಮಿಕ.

ಟ್ಯಾಂಕಪ್ಪ ಜೀವಮಾನದಲ್ಲಿ ಗಾಳ ಮುಟ್ಟಿದವನಲ್ಲ. ಅವನು ಮೀನನ್ನು ಕಂಡದ್ದೆಲ್ಲ ತಟ್ಟೆಯಲ್ಲಿ. ಆದರೆ ಬೆಂಡುಗಳ ಕೆಳಗೆ ಹಾಸಿದ್ದ ಕಾಗದ ತನ್ನ ಆದೇಶವೇ ಎಂಬುದು ಅವನ ಕಣ್ಣಿಗೆ ಬಿದ್ದಿತ್ತು.

"ನಾನು ನೋಡಿ ಹೇಳ್ತೀನಿ ಸರ್," ಅಂದ. "ಹದಿನಾಲ್ಕು ವರ್ಷದಿಂದ ನಂದು ಅದೇ ಕೆಲಸ ಅಲ್ವಾ? ನೀರಿನ ಮೇಲೆ ಏನೇ ತೇಲಲಿ, ಅದು ಏನು ಹೇಳ್ತಿದೆ ಅಂತ ನಂಗೆ ತಿಳಿಯುತ್ತೆ. ನಮ್ಮ ಗುಂಡು ಸ್ವಲ್ಪ ದೊಡ್ಡದು, ಅಷ್ಟೇ ವ್ಯತ್ಯಾಸ."

ಎಂಜಿನಿಯರು ಅವನನ್ನು ಅಂದು ಮೊದಲ ಸಲ ಸರಿಯಾಗಿ ನೋಡಿದರು. ಹನ್ನೊಂದೂ ಬೆಂಡುಗಳನ್ನು ಡಬ್ಬಿಗೆ ತುಂಬಿ, ಗಾಳದ ಕೋಲಿನೊಂದಿಗೆ ಅವನ ಕೈಗೆ ಕೊಟ್ಟರು.

"ಶನಿವಾರದೊಳಗೆ ಹೇಳಿ. ಆಮೇಲೆ ನಿಮ್ಮ ಕಾಗದ ನೋಡೋಣ. ಆದ್ರೆ ಇದು ನಾನು ಕೊಟ್ಟಿದ್ದು ಅಂತ ಯಾರಿಗೂ ತಿಳೀಬಾರ್ದು. ಕಚೇರಿ ಆಳಿನ ಕೈಲಿ ಸ್ವಂತ ಕೆಲಸ ಮಾಡಿಸ್ತಾರೆ ಅಂತ ಮಾತು ಬರುತ್ತೆ."

ಟ್ಯಾಂಕಪ್ಪ ಬಾಯಿಗೆ ಬೀಗ ಹಾಕಿಕೊಂಡಂತೆ ತಲೆಯಾಡಿಸಿ ಹೊರಗೆ ಬಂದ.

ನಮ್ಮಲ್ಲಿ ಗಾಳದ ವಿಷಯ ನಿಜವಾಗಿ ಬಲ್ಲವನು ಸಲೂನಿನವನು. ಟ್ಯಾಂಕಪ್ಪ ಮರುದಿನ ಬೆಳಿಗ್ಗೆಯೇ ಹೋಗಿ ಕುರ್ಚಿಯಲ್ಲಿ ಕೂತ. ನೇರವಾಗಿ ಕೇಳಿದರೆ ತಜ್ಞನ ಮರ್ಯಾದೆ ಉಳಿಯುವುದಿಲ್ಲವೆಂದು, "ನನ್ನ ಭಾವಮೈದನಿಗೆ ಒಂದು ಅನುಮಾನ," ಎಂದು ಶುರುಮಾಡಿದ. ಅವನಿಗೆ ಭಾವಮೈದ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ನನಗೆ ಅದು ಗೊತ್ತಿತ್ತು, ಆದರೆ ಬಾಯಿ ತೆರೆಯುವ ಸ್ಥಿತಿ ನನ್ನದಲ್ಲ.

"ದಪ್ಪ ಬೆಂಡು ಕಿವುಡು," ಎಂದ ಸಲೂನಿನವನು, ಕತ್ತರಿ ಆಡಿಸುತ್ತ. "ಮೀನು ಬಂದು ಮೆಲ್ಲಗೆ ಮುಟ್ಟಿದ್ರೆ ಅದಕ್ಕೆ ಕೇಳ್ಸೋದೇ ಇಲ್ಲ. ಗರಿ ದಂಟಿನ ಬೆಂಡು ಇದೆಯಲ್ಲ, ಅದು ಸೂಕ್ಷ್ಮ. ಮೀನು ಉಸಿರು ಬಿಟ್ರೂ ಹೇಳುತ್ತೆ."

"ಹಾಗಾದ್ರೆ ಗರಿಬೆಂಡೇ ಸರಿ."

"ಗಾಳಿ ಬೀಸಿದ್ರೆ ಅದೇ ಬೆಂಡು ಸುಳ್ಳೂ ಹೇಳುತ್ತೆ. ಅಲ್ಲಾಡ್ಬೇಡಿ, ಕತ್ತರಿ ಕಿವಿ ಹತ್ರ ಇದೆ."

"ಮತ್ತೆ ಯಾವುದು ಸರಿ ಅಂತ ನನ್ನ ಭಾವಮೈದ ತಿಳ್ಕೋಬೇಕು?"

"ಸುಮ್ನೆ ತಿಳ್ಕೊಳಕ್ಕಾಗಲ್ಲ. ದಾರಕ್ಕೆ ಸೀಸದ ಗುಂಡು ಕಟ್ಬೇಕು, ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಕಾಣೋ ಹಾಗೆ. ಭಾರ ಕಮ್ಮಿಯಾದ್ರೆ ಬೆಂಡು ಮಲಗಿಬಿಡುತ್ತೆ, ಜಾಸ್ತಿಯಾದ್ರೆ ಮುಳುಗಿಬಿಡುತ್ತೆ. ಒಂದೊಂದನ್ನೂ ನಿಂತ ನೀರಲ್ಲಿ, ಆಳ ಇರೋ ಕಡೆ, ಗಾಳಿ ಬರ್ದೇ ಇರೋ ಜಾಗದಲ್ಲಿ ಹಾಕಿ ನೋಡ್ಬೇಕು. ನಿಮ್ಮ ಭಾವಮೈದಂಗೆ ಅಂಥ ಜಾಗ ಎಲ್ಲಿ ಸಿಗುತ್ತೆ ಬಿಡಿ."

ನಿಂತ ನೀರು, ಆಳ, ಗಾಳಿಯಿಲ್ಲದ ಜಾಗ. ಟ್ಯಾಂಕಪ್ಪ ಇದನ್ನೇ ಬಾಯಿಪಾಠ ಮಾಡುತ್ತ ಮನೆಗೆ ಹೋದ. ಬಚ್ಚಲಿನ ಡ್ರಮ್ಮು ಕೇಳಿದರೆ ಹೆಂಡತಿ ಕೊಡಲಿಲ್ಲ. "ಬಟ್ಟೆ ನೆನೆಹಾಕಿದೀನಿ. ಆಟ ಆಡೋದಾದ್ರೆ ಹೊರಗೆ ಹೋಗಿ," ಅಂದಳು. ಅವನು ಹೊರಗೆ ಬಂದು ಕತ್ತೆತ್ತಿದ. ಮುಳ್ಳು ಹನ್ನೊಂದು ಅಡಿ ನಾಲ್ಕು ಅಂಗುಲ ತೋರಿಸುತ್ತಿತ್ತು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ, ಟ್ಯಾಂಕಿನ ಎದುರುಮನೆಯಲ್ಲಿದ್ದ ನಿವೃತ್ತ ಮೇಷ್ಟ್ರು ಮಹಡಿಯ ಮೇಲೆ ಪಂಚೆ ಒಣಹಾಕುತ್ತಿದ್ದರು. ಟ್ಯಾಂಕಿನ ನೆತ್ತಿಯ ಮೇಲೆ, ತೆರೆದ ಮುಚ್ಚಳದ ಪಕ್ಕ, ಟ್ಯಾಂಕಪ್ಪ ಕಾಲು ಚಾಚಿ ಕೂತಿದ್ದ. ಅವನ ಕೈಯಲ್ಲಿ ಗಾಳದ ಕೋಲು. ದಾರ ಟ್ಯಾಂಕಿನೊಳಗೆ ಇಳಿದಿತ್ತು. ಆಗಾಗ ಅವನು ಒಳಗೆ ಬಗ್ಗಿ ಟಾರ್ಚು ಬಿಟ್ಟು ನೋಡುತ್ತಿದ್ದ, ದಾರ ಮೇಲೆಳೆದು ಏನನ್ನೋ ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದ. ಮೇಷ್ಟ್ರು ಲೆಕ್ಕ ಹಾಕಿದರು. ಅರ್ಧ ಗಂಟೆಯಲ್ಲಿ ಡಬ್ಬಿಗೆ ಬಿದ್ದದ್ದು ಏಳು.

ಮೇಷ್ಟ್ರು ಗಾಳಿಸುದ್ದಿ ಹಬ್ಬಿಸುವವರಲ್ಲ. ಕಂಡದ್ದನ್ನು ಕಂಡ ಹಾಗೆ ಎಡಮನೆಗೂ ಬಲಮನೆಗೂ ತಿಳಿಸಿ ಸುಮ್ಮನಾದರು. ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮ ಬೀದಿಯ ಮೂರು ಮನೆಗಳಲ್ಲಿ ನೀರು ನಾರುತ್ತಿತ್ತು. ಒಬ್ಬರ ಬಕೆಟ್ಟಿನಲ್ಲಿ ಹೊಳೆಯುವ ಪೊರೆಯೊಂದು ಸಿಕ್ಕಿತು. ಅದು ಸಾಬೂನಿನದೆಂದು ಅವರ ಸೊಸೆ ಹೇಳಿದ್ದಕ್ಕೆ ಆ ಮನೆಯಲ್ಲಿ ಬೇರೆಯೇ ಜಗಳವಾಯಿತು. ಮಧ್ಯಾಹ್ನಕ್ಕೆ ಟ್ಯಾಂಕಿನ ಗೇಟಿನ ಮುಂದೆ ಎಪ್ಪತ್ತು ಜನ.

ಟ್ಯಾಂಕಪ್ಪ ಕೋಲು ಹಿಡಿದುಕೊಂಡೇ ಇಳಿದು ಬಂದ.

"ಎಷ್ಟು ದಿನದಿಂದ ನಡೀತಿದೆ ಇದು?" ಎಂದರು ಮೇಷ್ಟ್ರು.

"ಇವತ್ತೇ ಶುರು ಮಾಡಿದ್ದು ಸರ್. ಒಳಗೆ ಮೀನಿಲ್ಲ. ನಾನು ಬರೀ ಬೆಂಡು ನೋಡ್ತಿದ್ದೆ."

"ಮೀನಿಲ್ಲದ ಕಡೆ ಬೆಂಡು ಯಾಕಪ್ಪ?"

ಇದಕ್ಕೆ ನಿಜವಾದ ಉತ್ತರ ಒಂದೇ ಇತ್ತು, ಮತ್ತು ಅದನ್ನು ಹೇಳಿದರೆ ಎಂಜಿನಿಯರ ಹೆಸರು ಬೀದಿಗೆ ಬರುತ್ತಿತ್ತು. ಹಿಂದೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬೇಡವೆಂದು ಕಣ್ಣು ಮಾಡಿದಳು.

"ಸುಮ್ನೆ," ಅಂದ ಟ್ಯಾಂಕಪ್ಪ.

ಹದಿನಾಲ್ಕು ವರ್ಷ ನೀರಿನ ಜೊತೆ ಇದ್ದ ಮನುಷ್ಯ ಟ್ಯಾಂಕಿನ ಮೇಲೆ ಹತ್ತಿ ಸುಮ್ಮನೆ ಗಾಳ ಹಾಕುತ್ತಾನೆಂದು ನಂಬುವಷ್ಟು ನಮ್ಮ ಜನ ದಡ್ಡರಲ್ಲ. ಮೀನಿದೆ ಎಂಬುದು ಆಗಲೇ ಖಚಿತವಾಯಿತು. ಎಷ್ಟಿವೆ ಎಂಬುದಷ್ಟೇ ಉಳಿಯಿತು.

ಗುರುವಾರ ಅಧ್ಯಕ್ಷರು ತುರ್ತು ಸಭೆ ಕರೆದರು. ಶುದ್ಧ ನೀರು ಕೊಡುತ್ತೇನೆಂದು ಹೇಳಿ ಗೆದ್ದವರು ಅವರು. ಅವರ ದೊಡ್ಡ ಮನೆ, ತೋಟ ಎಲ್ಲ ಟ್ಯಾಂಕಿನಿಂದ ಕೂಗಳತೆಯಲ್ಲೇ ಇದೆ. ಎಂಜಿನಿಯರು ಅಧ್ಯಕ್ಷರ ಪಕ್ಕದಲ್ಲಿ ಕೂತು, ತಮಗೂ ಮೀನು ಎಂಬ ಪ್ರಾಣಿಗೂ ಸಂಬಂಧವೇ ಇಲ್ಲದ ಮುಖ ಮಾಡಿಕೊಂಡಿದ್ದರು.

ಟ್ಯಾಂಕು ಖಾಲಿ ಮಾಡಿ ನೋಡಿದರೆ ಮುಗಿಯಿತಲ್ಲ ಎಂದು ಒಬ್ಬರು ಅಂದರು. ಮೂರು ದಿನ ಊರಿಗೆ ನೀರಿಲ್ಲ ಎಂದಾಗ ಆ ಸಲಹೆ ಕೊಟ್ಟವರೇ ಅದನ್ನು ವಿರೋಧಿಸಿದರು. ಕೊನೆಗೆ ಮೇಷ್ಟ್ರು ವೈಜ್ಞಾನಿಕವಾದ ದಾರಿ ಹೇಳಿದರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಊರಿಗೆ ಹೋಗುವ ಕವಾಟಗಳನ್ನೆಲ್ಲ ಮುಚ್ಚಿ, ನೀರು ನಿಂತ ಮೇಲೆ, ಎಲ್ಲರ ಎದುರಿಗೆ ಗಾಳ ಬಿಡುವುದು. ಮೂರು ಗಂಟೆಯೊಳಗೆ ಬೆಂಡು ಅಲ್ಲಾಡಿದರೆ ಮೀನಿದೆ, ಇಲ್ಲದಿದ್ದರೆ ಇಲ್ಲ. ಇದ್ದರೆ, ಕುಡಿಯುವ ನೀರಿನಲ್ಲಿ ಮೀನು ಬೆಳೆಯಲು ಬಿಟ್ಟವನು ಕೆಲಸವನ್ನೂ ಮನೆಯನ್ನೂ ಬಿಡಬೇಕು. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಕುಡಿಯುವ ನೀರಿಗೆ ಎರೆಹುಳು ಹಾಕಬಾರದೆಂದು ಗಲಾಟೆಯಾಗಿ, ಕಲಸಿದ ಹಿಟ್ಟಿನ ಉಂಡೆ ಎಂದು ತೀರ್ಮಾನವಾಯಿತು.

"ಬೆಂಡು ಯಾವುದು?" ಎಂದ ಸಲೂನಿನವನು, ಹಿಂದಿನ ಬೆಂಚಿನಿಂದ.

ಈ ಒಂದು ಪ್ರಶ್ನೆಗೆ ಸಭೆ ಎರಡು ಗಂಟೆ ತೆಗೆದುಕೊಂಡಿತು. ಹಿಂದಿನ ವರ್ಷ ಆಸ್ಪತ್ರೆಗೆ ಜಾಗ ಗೊತ್ತುಮಾಡಿದ್ದು ಹತ್ತೇ ನಿಮಿಷದಲ್ಲಿ. ಸಲೂನಿನವನು ದಪ್ಪ ಬೆಂಡಿನ ಪಕ್ಷ. ಗರಿಬೆಂಡು ಹಾಕಿದರೆ ಯಾರಾದರೂ ಸೀನಿದರೂ ಮೀನು ಎನ್ನಬೇಕಾಗುತ್ತದೆ, ಬಡವನೊಬ್ಬನ ಕೆಲಸ ಸೀನಿಗೆ ಹೋಗಬಾರದು ಎಂಬುದು ಅವನ ವಾದ. ಮೇಷ್ಟ್ರು, ದಪ್ಪ ಬೆಂಡು ಕಿವುಡೆಂದು ನಿನ್ನ ಅಂಗಡಿಯಲ್ಲೇ ಕೇಳಿದ್ದೇನೆ, ಕಿವುಡನನ್ನು ಸಾಕ್ಷಿಗೆ ನಿಲ್ಲಿಸಿ ಊರಿಗೆ ಮೋಸ ಮಾಡುತ್ತೀಯಾ ಎಂದರು. ಎರಡನ್ನೂ ಹಾಕೋಣ ಎಂದು ಅಧ್ಯಕ್ಷರು ಹೇಳಿದ್ದು ಯಾರಿಗೂ ಹಿಡಿಸಲಿಲ್ಲ. ಕೊನೆಗೆ ಎಂಜಿನಿಯರು ಗಂಟಲು ಸರಿಮಾಡಿಕೊಂಡು, ಇಲಾಖೆಯ ತೇಲುವ ಉಪಕರಣಗಳ ಅನುಭವ ಇರುವವನು ಟ್ಯಾಂಕಪ್ಪನೊಬ್ಬನೇ, ಅವನನ್ನೇ ಕೇಳೋಣ ಎಂದರು. ಅವರಿಗೂ ಅದು ತಿಳಿಯಬೇಕಾಗಿತ್ತು.

ಟ್ಯಾಂಕಪ್ಪ ಎದ್ದು ನಿಂತ. ದಪ್ಪದ್ದು ಎಂದು ಒಂದು ಮಾತು ಹೇಳಿದ್ದರೆ ಸೋಮವಾರ ಅದು ಟ್ಯಾಂಕಿನ ನೀರಿನ ಮೇಲೆ ಬಾತುಕೋಳಿಯ ಹಾಗೆ ಕೂತಿರುತ್ತಿತ್ತು, ಅವನ ಕೆಲಸ ಉಳಿಯುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಹೆಂಡತಿ ಎರಡು ಕೈಯಲ್ಲೂ ದುಂಡಗೆ ಮಾಡಿ ತೋರಿಸಿದಳು. ನಾನು ಪೆನ್ನು ಹಿಡಿದುಕೊಂಡು ಕಾದೆ.

"ನಾನು ಹನ್ನೊಂದೂ ಹಾಕಿ ನೋಡಿದೀನಿ ಸರ್," ಅಂದ. "ದಪ್ಪಂದಕ್ಕೆ ಏನೂ ಗೊತ್ತಾಗಲ್ಲ. ಒಳಗೆ ಗಾಳಿ ಇಲ್ಲ, ಅಲೆ ಇಲ್ಲ. ಅಲ್ಲಿಗೆ ಸರಿಯಾದ್ದು ಅಂದ್ರೆ ಗರಿಬೆಂಡೇ."

ಅಂದು ಅವನ ಮನೆಯಲ್ಲಿ ನಡೆದದ್ದನ್ನು ಅವನ ಹೆಂಡತಿಯೇ ಆಮೇಲೆ ನನಗೆ ಹೇಳಿದಳು. "ದಪ್ಪಂದು ಅಂತ ಒಂದು ಮಾತು ಹೇಳಿದ್ರೆ ನಿಮ್ಮ ನಾಲಿಗೆ ಬಿದ್ದುಹೋಗ್ತಿತ್ತೇನ್ರೀ?" ಎಂದು ಕೇಳಿದಳಂತೆ. "ಹದಿನಾಲ್ಕು ವರ್ಷದಲ್ಲಿ ಮುಳ್ಳು ತೋರ್ಸಿದ್ದು ಬಿಟ್ಟು ಬೇರೆ ಒಂದು ಅಂಗುಲ ಬರೆದಿಲ್ಲ ಕಣೇ. ಈಗ ಬರೀಬೇಕು ಅಂದ್ರೆ ಕೈ ಬರಲ್ಲ," ಅಂದನಂತೆ. ಅವಳು ಭಾನುವಾರದವರೆಗೆ ಅವನೊಡನೆ ಮಾತಾಡಲಿಲ್ಲ. ಭಾನುವಾರ ಪಾತ್ರೆಗಳನ್ನು ಅಂಗಳಕ್ಕೆ ತಂದಿಟ್ಟಳು.

ಸೋಮವಾರ ಹತ್ತಕ್ಕೆ ಕವಾಟಗಳು ಮುಚ್ಚಿದವು. ಟ್ಯಾಂಕಿನ ನೆತ್ತಿಯ ಮೇಲೆ ಟ್ಯಾಂಕಪ್ಪ, ಎಂಜಿನಿಯರು, ಟಾರ್ಚು ಹಿಡಿದ ಮೇಷ್ಟ್ರು, ಸಲೂನಿನವನು ಮತ್ತು ನಡಾವಳಿ ಪುಸ್ತಕದೊಡನೆ ನಾನು. ಕೆಳಗೆ ಕುರ್ಚಿಯ ಮೇಲೆ ಅಧ್ಯಕ್ಷರು, ಅವರ ಸುತ್ತ ಊರು. ಸಲೂನಿನವನು ಸೀಸದ ಗುಂಡು ಕಟ್ಟಿಕೊಟ್ಟ. ಗರಿಬೆಂಡು ನೀರಿಗಿಳಿದು ನೆಟ್ಟಗೆ ನಿಂತಿತು. ಕೆಂಪು ತುದಿ ಮಾತ್ರ ಕಾಣುತ್ತಿತ್ತು.

ಹನ್ನೊಂದಾಯಿತು. ಬೆಂಡು ಅಲ್ಲಾಡಲಿಲ್ಲ. ಎಂಜಿನಿಯರು ಸೀನು ಬಂದದ್ದನ್ನು ಎರಡು ಸಲ ತಡೆದುಕೊಂಡರು. ಹನ್ನೆರಡಾಯಿತು. ಕೆಳಗಿನವರು ಮೀನಿಲ್ಲವೆಂದರೆ ತಮಗೆ ಮೋಸವಾದಂತೆ ಗೊಣಗುತ್ತ ಒಬ್ಬೊಬ್ಬರೇ ಊಟಕ್ಕೆ ಹೊರಟರು. ಮೇಷ್ಟ್ರ ಟಾರ್ಚಿನ ಬೆಳಕೂ ಮಂಕಾಗುತ್ತ ಬಂತು. ಟ್ಯಾಂಕಪ್ಪ ಮಾತ್ರ ಕ್ಷಣವೂ ಕಣ್ಣು ತೆಗೆಯಲಿಲ್ಲ. ಗಡಿಯಾರ ನೋಡುವ ಕೆಲಸ ನನ್ನದಾಗಿತ್ತು, ಇನ್ನು ಇಪ್ಪತ್ತು ನಿಮಿಷ ಕಳೆದರೆ ಅವನು ಗೆದ್ದಂತೆ. ನಾನು ಒಳಗೊಳಗೇ ಅವನಿಗಾಗಿ ಹಾರೈಸುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ, ನಡಾವಳಿಯಲ್ಲಿ ಅದು ಇಲ್ಲ.

ಹನ್ನೆರಡು ನಲವತ್ತಕ್ಕೆ ಕೆಂಪು ತುದಿ ಒಂದಿಷ್ಟು ವಾಲಿತು.

ಆಮೇಲೆ ಬೆಂಡು ನಿಧಾನವಾಗಿ ಉತ್ತರದ ಗೋಡೆಯ ಕಡೆಗೆ ಹೊರಟಿತು. ಗೋಡೆಯ ಹತ್ತಿರ ಹೋಗಿ ನಿಂತಿತು. ತುದಿ ಒಂದೊಂದೇ ಗೆರೆ ಇಳಿಯುತ್ತ, ಮುಳುಗಿ ಕಾಣದಾಯಿತು. ಟ್ಯಾಂಕಪ್ಪ ಕೋಲೆತ್ತಿದ. ಕೋಲು ಬಿಲ್ಲಿನಂತೆ ಬಗ್ಗಿತು, ದಾರ ಬಿಗಿಯಿತು, ಪಟ್ ಎಂದು ಹರಿಯಿತು. ಬೆಂಡು ಮತ್ತೆ ಮೇಲೆ ಬರಲಿಲ್ಲ.

"ದೊಡ್ಡದು," ಎಂದು ಮೇಷ್ಟ್ರು ಕೆಳಕ್ಕೆ ಕೂಗಿ ಹೇಳಿದರು. ಊಟಕ್ಕೆ ಹೋದವರೆಲ್ಲ ಕೈ ತೊಳೆಯದೆ ಓಡಿ ಬಂದರು.

"ಮೀನಲ್ಲ ಇದು," ಅಂದ ಟ್ಯಾಂಕಪ್ಪ. "ಮೀನಾದ್ರೆ ಮುಟ್ಟುತ್ತೆ, ಬಿಡುತ್ತೆ, ಮತ್ತೆ ಎಳೆಯುತ್ತೆ. ಇದು ಬಿಡಲೇ ಇಲ್ಲ. ನೀರೇ ಎಳೀತಿದೆ ಸರ್. ಎಲ್ಲೋ ಹೋಗ್ತಿದೆ ನೀರು."

"ಎಲ್ಲಾ ಮುಚ್ಚಿದೆಯಲ್ರೀ, ಎಲ್ಲಿಗೆ ಹೋಗುತ್ತೆ?" ಎಂದರು ಎಂಜಿನಿಯರು.

"ಅದು ಬೆಂಡಿಗೆ ಗೊತ್ತಿತ್ತು, ನಂಗೆ ಗೊತ್ತಿಲ್ಲ."

ಬಿಡದೆ ಎಳೆಯುವ ಮೀನನ್ನು ತಾನೂ ಕಂಡಿಲ್ಲವೆಂದು ಸಲೂನಿನವನು ಹೇಳಹೊರಟ. ಆದರೆ ಕೆಳಗೆ ಇನ್ನೂರು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಎಷ್ಟು ತೂಕ ಇರಬಹುದು ಎಂದು ಕೇಳಿದರು. ಎಂಟು ಕಿಲೋ ಅಂದ. ಮೆಟ್ಟಿಲಿಳಿದು ನೆಲ ಮುಟ್ಟುವ ಹೊತ್ತಿಗೆ ಅದು ಹದಿನೆಂಟಾಗಿತ್ತು.

ಆ ಮಧ್ಯಾಹ್ನವೇ ಟ್ಯಾಂಕಪ್ಪನನ್ನು ಕೆಲಸದಿಂದ ಬಿಡಿಸುವ ಕಾಗದ ಟೈಪ್ ಮಾಡಲು ನನಗೆ ಹೇಳಿದರು. ಮನೆ ಬಿಡಲು ಎರಡು ದಿನ. ನಾನು ಅಕ್ಷರಕ್ಕೊಂದು ಸಲ ನಿಂತು ಟೈಪ್ ಮಾಡಿದೆ.

ಮಂಗಳವಾರ ಬೆಳಿಗ್ಗೆ ಆ ಕಾಗದವನ್ನು ಅವನ ಕೈಗೆ ಕೊಡಲು ಹೋದವನೂ ನಾನೇ. ಅಂಗಳದಲ್ಲಿ ಪಾತ್ರೆಗಳ ನಡುವೆ ಗಂಡ ಹೆಂಡತಿ ಕೂತಿದ್ದರು. ಅವರ ಎದುರಿಗೆ ಅಧ್ಯಕ್ಷರ ತಾಯಿ, ಎಂಬತ್ತರ ಹತ್ತಿರದ ಮುದುಕಿ, ಕೋಲೂರಿಕೊಂಡು ನಿಂತಿದ್ದರು. ಅವರ ಅಂಗೈಯಲ್ಲಿ ಗರಿಬೆಂಡು.

"ನಿಂದೇನಪ್ಪ ಇದು? ನಮ್ಮ ತೋಟದ ಪೈಪಿಂದ ಬಂತು," ಅಂದರು. "ನಿನ್ನೆ ಮಧ್ಯಾಹ್ನ ತೋಟದವನು ಗಿಡಕ್ಕೆ ನೀರು ಬಿಟ್ಟಾಗ ಚಿಮ್ಮಿತಂತೆ. ಗಾಳ ಅವನ ಹೆಬ್ಬೆಟ್ಟಿಗೆ ಚುಚ್ಚಿದೆ. ಅದನ್ನ ಕಿತ್ತು ಬಿಸಾಕಿ, ಈ ಕಡ್ಡೀನ ಕಿವೀಲಿ ಆಡಿಸ್ಕೊಂಡು ಕೂತಿದ್ದ. ಬೇರೆಯವರ ವಸ್ತು ಅಂತ ಬೈದು ಇಸ್ಕೊಂಡು ಬಂದೆ. ನಿಮ್ಮ ಟ್ಯಾಂಕಿನ ನೀರು ಚೆನ್ನಾಗಿ ಬರುತ್ತಪ್ಪ. ನಮ್ಮ ತೋಟದ ಪೈಪು ನಿನ್ನೆ ಕೂಡ ನಿಲ್ಲಲಿಲ್ಲ ನೋಡು, ಊರಿಗೆಲ್ಲ ನಿಂತಿದ್ರೂ."

ಟ್ಯಾಂಕಪ್ಪನ ಮುಖ ಅರಳಿತು. "ನೋಡಿದ್ಯೇನೇ, ನಾನು ಹೇಳ್ಲಿಲ್ವಾ ಮೀನಲ್ಲ ಅಂತ," ಎಂದ ಹೆಂಡತಿಗೆ. ವಿಷಯ ಅವನ ಮಟ್ಟಿಗೆ ಅಲ್ಲಿಗೆ ಮುಗಿದಿತ್ತು. ಬೆಂಡಿನ ಆಯ್ಕೆ ಸರಿಯಾಗಿತ್ತು.

ಹೆಂಡತಿ ಬೆಂಡನ್ನೂ ನೋಡಿದಳು, ಮುದುಕಿಯನ್ನೂ ನೋಡಿದಳು, ನನ್ನ ಕೈಯಲ್ಲಿದ್ದ ಕಾಗದವನ್ನೂ ನೋಡಿದಳು. ಎದ್ದು ಚಪ್ಪಲಿ ಮೆಟ್ಟಿಕೊಂಡು, "ಬನ್ನಿ," ಎಂದಳು. ಟ್ಯಾಂಕಪ್ಪ ಹಿಂದೆ ಹೊರಟ. ಯಾರನ್ನು ಕರೆದದ್ದೆಂದು ತಿಳಿಯದೆ ನಾನೂ ಹೋದೆ.

ಎಂಜಿನಿಯರ ಕೋಣೆಯಲ್ಲಿ ಅವಳು ಬೆಂಡನ್ನು ಮೇಜಿನ ಮೇಲಿಟ್ಟು, ಎಲ್ಲಿ ಸಿಕ್ಕಿತು, ಯಾರು ತಂದುಕೊಟ್ಟರು ಎಂಬ ಎರಡು ಮಾತು ಹೇಳಿದಳು. ಎಂಜಿನಿಯರು ಎದ್ದು ಕಿಟಕಿ ಮುಚ್ಚಿದರು. ಕಾಲು ಗಂಟೆಯಲ್ಲಿ ಅಧ್ಯಕ್ಷರು ಬಂದರು. ಬೆಂಡನ್ನು ನೋಡಿ ಕೂತರು.

"ಇದು ಯಾರ ಬೆಂಡು?" ಎಂದರು ಅಧ್ಯಕ್ಷರು.

"ಅದು ಯಾರದ್ದಾದ್ರೂ ಆಗಿರ್ಲಿ ಬಿಡಿ ಸರ್," ಎಂದರು ಎಂಜಿನಿಯರು.

"ಹೌದು. ಪೈಪೂ ಹಾಗೇ," ಎಂದರು ಅಧ್ಯಕ್ಷರು. ಆಮೇಲೆ ಇಬ್ಬರೂ ಸ್ವಲ್ಪ ಹಗುರಾದರು. "ಮೀನು ಇದೆ ಅನ್ನೋದನ್ನ ಊರೇ ಕಣ್ಣಾರೆ ನೋಡಿದೆ. ಈಗ ಇಲ್ಲ ಅಂದ್ರೆ ಜನ ಒಪ್ಪಲ್ಲ."

"ಒಪ್ಪಲ್ಲ. ಮೀನಿದೆ ಅಂದಮೇಲೆ ಅದನ್ನ ಸದಾ ಗಮನಿಸೋಕೆ ಒಬ್ಬ ತಿಳಿದವನು ಬೇಕು. ಹಂಗಾಮಿಯವನ ಕೈಲಿ ಆಗೋ ಕೆಲಸ ಅಲ್ಲ ಅದು."

"ಖಾಯಂ ಮಾಡಿ."

"ಆದ್ರೆ ಮೀನಿಲ್ಲವಲ್ಲ ಸರ್," ಎಂದ ಟ್ಯಾಂಕಪ್ಪ.

ಮೂವರೂ ಅವನ ಕಡೆ ತಿರುಗಿದರು. ಹೆಂಡತಿ ಅವನ ಕಾಲು ತುಳಿದಳು. ಎಷ್ಟು ಜೋರಾಗಿ ಎಂದರೆ ನನಗೂ ಕೇಳಿಸಿತು. "ಆ ಮೀನು ನೂರು ವರ್ಷ ಬಾಳಲಿ ಸರ್," ಎಂದಳು. "ಇವರು ನೋಡ್ಕೊಳ್ತಾರೆ."

ನಾನು ಟೈಪ್ ಮಾಡಿದ ಕಾಗದ ಹರಿದು, ಹಳೆಯ ಆದೇಶದ ಕೆಳಗೆ ಒಂದು ಸಾಲು ಸೇರಿಸಿ ಸಹಿ ಬಿತ್ತು. 'ಸದರಿ ಮೀನು ಸಿಗುವವರೆಗೆ ಖಾಯಂ.' ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ನಾನು ಇಂಥ ಆದೇಶ ಕಂಡಿಲ್ಲ. ಟ್ಯಾಂಕಿನಲ್ಲಿ ಮೀನು ಇರುವುದನ್ನು ಸಭೆ ಸರ್ವಾನುಮತದಿಂದ ಅಂಗೀಕರಿಸಿತು ಎಂದು ನಡಾವಳಿಯಲ್ಲಿ ಬರೆದೆ.

ಊರಿನವರು ಇದನ್ನು ಚೆನ್ನಾಗಿಯೇ ಹೊಟ್ಟೆಗೆ ಹಾಕಿಕೊಂಡರು. ಅಷ್ಟು ದೊಡ್ಡ ಮೀನು ಬದುಕಿದೆ ಎಂದರೆ ನೀರು ಎಷ್ಟು ಶುದ್ಧವಿರಬೇಡ ಎಂದು ಸಲೂನಿನವನು ಹೇಳಿದ್ದನ್ನು ಅಧ್ಯಕ್ಷರು ಭಾಷಣದಲ್ಲಿ ಸೇರಿಸಿಕೊಂಡರು. ಬಂದ ನೆಂಟರನ್ನು ಜನ ಟ್ಯಾಂಕು ತೋರಿಸಲು ಕರೆದುಕೊಂಡು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತು ನೀರಿನ ಮಟ್ಟ ಅಷ್ಟಷ್ಟು ಇಳಿಯುವುದಕ್ಕೂ ಮೀನೇ ಕಾರಣವೆಂದು ಮೇಷ್ಟ್ರು ವೈಜ್ಞಾನಿಕವಾಗಿ ವಿವರಿಸಿದರು. ಟ್ಯಾಂಕಪ್ಪನ ಹೆಂಡತಿ ಗೋಡೆಗೆ ಮೊಳೆ ಹೊಡೆದು ಪಾತ್ರೆಗಳಿಗೆ ಹಲಗೆ ಕೂರಿಸಿದಳು.

ವರ್ಷ ಮುಗಿದಾಗ ನೀರಿನ ಮಟ್ಟದ ಪುಸ್ತಕ ನನ್ನ ಬೀರುವಿಗೆ ಬರುತ್ತದೆ. ಇಟ್ಟು ಬೀಗ ಹಾಕುವುದಷ್ಟೇ ನನ್ನ ಕೆಲಸ. ಈ ಸಲ ಏಕೋ ತೆರೆದು ನೋಡಿದೆ. ಪುಟದ ಕೊನೆಗೆ 'ಷರಾ' ಎಂದೊಂದು ಅಂಕಣ ಇದೆ. ಆದೇಶ ಬಂದ ಮರುದಿನದಿಂದ, ದಿನಕ್ಕೆ ಮೂರು ಸಲ, ಅಲ್ಲಿ ಟ್ಯಾಂಕಪ್ಪನ ದುಂಡಗಿನ ಅಕ್ಷರದಲ್ಲಿ ಎರಡೇ ಮಾತು. 'ಮೀನು ಇಲ್ಲ.' ಪುಟದ ಮೇಲೆ ಪುಟ ತಿರುವಿದೆ. ಮೀನು ಇಲ್ಲ, ಮೀನು ಇಲ್ಲ. ನಡುವೆ ಒಂದು ವಾರ ಮಾತ್ರ ಬೇರೆ ಥರ ಇತ್ತು. 'ಅಧ್ಯಕ್ಷರ ಮನೆಯವರು ಊರಲ್ಲಿಲ್ಲ. ತೋಟದವನಿಗೆ ರಜೆ. ಬೆಂಡು ಬಿಟ್ಟು ನೋಡಿದೆ, ಅಲ್ಲಾಡಲಿಲ್ಲ.' ಪ್ರತಿ ಪುಟದ ಬುಡದಲ್ಲೂ ಮೊಹರು, ಅದರ ಮೇಲೆ ಎಂಜಿನಿಯರ ಸಹಿ, 'ಪರಿಶೀಲಿಸಿದೆ, ಸರಿಯಾಗಿದೆ.'

ನನಗೆ ನಾಚಿಕೆಯಾಯಿತು. ಸಂಜೆ ಮನೆಗೆ ಹೋಗುವಾಗ ಟ್ಯಾಂಕಿನ ಹತ್ತಿರ ನಿಂತೆ. ಟ್ಯಾಂಕಪ್ಪ ಹೊಸ ಪುಸ್ತಕಕ್ಕೆ ಗೆರೆ ಹಾಕುತ್ತ ಕೂತಿದ್ದ.

"ಹಳೇ ಪುಸ್ತಕ ತಲುಪ್ತಾ?" ಎಂದು ಕೇಳಿದ.

"ತಲುಪ್ತು."

"ಓದಿದ್ರಾ?"

"ಪುರುಸೊತ್ತಾಗ್ಲಿಲ್ಲ," ಅಂದೆ.

"ಪರವಾಗಿಲ್ಲ ಬಿಡಿ. ಎಂಜಿನಿಯರು ಒಂದು ಪುಟಾನೂ ಬಿಡದೆ ಓದಿದಾರೆ. ಒಂದೇ ಒಂದು ಕಡೆನೂ ತಪ್ಪು ಸಿಕ್ಕಿಲ್ಲ ಅವರಿಗೆ."

ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಹದಿನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ಹೌದೆಂದು ತಲೆಯಾಡಿಸಿ ಮನೆಗೆ ಬಂದು, ಒಂದು ಲೋಟ ನೀರು ಕುಡಿದೆ.